ಸಂವಹನ ಪದವಿ: ಹಾಕುವ ಹಣ, ಬರುವ ಸಂಬಳ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪದವಿ ಫಲಿತಾಂಶಗಳು ಹೊರಬಿದ್ದು ಸ್ನಾತಕೋತ್ತರ ಪ್ರವೇಶ ಶುರುವಾಗುವ ಈ ದಿನಗಳಲ್ಲಿ ನಮಗೆ ಬಂದಿರುವ ಪತ್ರಗಳಲ್ಲಿ ಹಲವು ಸಮೂಹ ಸಂವಹನ ಮತ್ತು ಪತ್ರಿಕೋದ್ಯಮದ ಓದಿನ ಬಗ್ಗೆಯೇ ಇವೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ಮೊದಲ ಪತ್ರದ ಲೆಕ್ಕ ಉಳಿದ ಮೂವರಿಗೂ ಬೇಕಾಗುವುದರಿಂದ ಅದಕ್ಕೆ ದೀರ್ಘವಾಗಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನದು ಬೀಜ-ಗೊಬ್ಬರದ ಸಣ್ಣ ಅಂಗಡಿ. ಮಗಳು ಪತ್ರಿಕೋದ್ಯಮವನ್ನು ಐಚ್ಛಿಕ ವಿಷಯವಾಗಿ ಓದಿ ಬಿ.ಎ. ಮುಗಿಸಿದ್ದಾಳೆ. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಎರಡು ವರ್ಷದ ಸಂವಹನ ಎಂ.ಎ.ಗೆ ಸೀಟು ಸಿಕ್ಕಿದೆ. ಶುಲ್ಕ ಎರಡು ವರ್ಷಕ್ಕೆ ₹6.5 ಲಕ್ಷ. ಪಿ.ಜಿ. ಬಾಡಿಗೆ, ಊಟ, ಓಡಾಟಕ್ಕೆ ತಿಂಗಳಿಗೆ ₹12,000 ಬೇಕಾಗಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಸೀಟು ಸಿಗುವ ಭರವಸೆಯಿದೆ. ಅಲ್ಲಿ ಹಾಸ್ಟೆಲ್ ಸೇರಿ ಎರಡು ವರ್ಷದ ಖರ್ಚು ₹1.6 ಲಕ್ಷದೊಳಗೆ ಮುಗಿಯುತ್ತದೆಂದು ವಿಚಾರಿಸಿಕೊಂಡಿದ್ದೇನೆ. ನನ್ನ ಕೈಯಲ್ಲಿ ₹2 ಲಕ್ಷ ಇದೆ. ಬೆಂಗಳೂರಿಗೆ ಕಳಿಸುವುದಾದರೆ ₹7 ಲಕ್ಷ ಸಾಲ ಮಾಡಬೇಕು. ಬ್ಯಾಂಕಿನವರು ಶೇ 10.5ರ ಬಡ್ಡಿ ಹೇಳಿದ್ದಾರೆ. ಕಾಲೇಜಿನವರು ‘ವರ್ಷಕ್ಕೆ ₹9 ಲಕ್ಷದವರೆಗೆ ಪ್ಯಾಕೇಜ್ ಸಿಕ್ಕಿದೆ’ ಎನ್ನುತ್ತಾರೆ. ಮಗಳಿಗೆ ಬೆಂಗಳೂರೇ ಬೇಕು. ಸಾಲ ಮಾಡಿ ಕಳಿಸಲೇ?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ನಿಮ್ಮ ಪತ್ರದಲ್ಲಿ ಅಂಕಿಗಳೆಲ್ಲ ಸ್ಪಷ್ಟವಾಗಿರುವುದರಿಂದ ಉತ್ತರವನ್ನೂ ಸ್ಪಷ್ಟವಾಗಿಯೇ ಹೇಳಬಹುದು. ಮಗಳು ಸಂವಹನವನ್ನು ಖಂಡಿತ ಓದಲಿ. ಆದರೆ ಅದಕ್ಕಾಗಿ ಈ ₹7 ಲಕ್ಷದ ಸಾಲ ಬೇಡ. ಬೆಂಗಳೂರಿನ ಆ ಸಂಸ್ಥೆಯ ಮೇಲಿನ ಅನುಮಾನದಿಂದ ಹೀಗೆ ಹೇಳುತ್ತಿಲ್ಲ. ಈ ವೃತ್ತಿಯಲ್ಲಿ ಮೊದಲ ನಾಲ್ಕೈದು ವರ್ಷ ಕೈಗೆ ಬರುವ ಸಂಬಳ ಆ ಸಾಲವನ್ನು ಹೊರಲಾರದು ಎಂಬುದೇ ಕಾರಣ.

ಸಾಲದ ಲೆಕ್ಕವನ್ನು ಮೊದಲು ನೋಡೋಣ. ಶಿಕ್ಷಣ ಸಾಲದಲ್ಲಿ ಓದಿನ ಅವಧಿ ಮತ್ತು ಅದು ಮುಗಿದ ಮೇಲೆ ಸಾಮಾನ್ಯವಾಗಿ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಅನೇಕ ಪೋಷಕರು ಈ ಅವಧಿಗೆ ಬಡ್ಡಿಯೂ ಇಲ್ಲವೆಂದು ತಿಳಿದಿರುತ್ತಾರೆ. ಆದರೆ ಹಣ ಬಿಡುಗಡೆಯಾದ ದಿನದಿಂದಲೇ ಬಡ್ಡಿ ಏರುತ್ತಿರುತ್ತದೆ. ಮೊದಲ ವರ್ಷ ₹3.5 ಲಕ್ಷ, ಎರಡನೆಯ ವರ್ಷ ₹3.5 ಲಕ್ಷ ಬಿಡುಗಡೆಯಾಯಿತೆಂದು ಇಟ್ಟುಕೊಂಡರೆ, ಕಂತು ಶುರುವಾಗುವ ಹೊತ್ತಿಗೆ ಸರಳ ಬಡ್ಡಿಯೇ ₹1,83,750 ಆಗಿ, ಬಾಕಿ ₹8,83,750ಕ್ಕೆ ಮುಟ್ಟಿರುತ್ತದೆ. ಇದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು ₹11,900 ಕಟ್ಟಬೇಕು. ಒಟ್ಟು ಕಟ್ಟುವ ಹಣ ₹14.3 ಲಕ್ಷ. ಹದಿನೈದು ವರ್ಷಕ್ಕೆ ಎಳೆದರೆ ಕಂತು ₹9,800ರ ಸುಮಾರಿಗೆ ಇಳಿಯುತ್ತದೆ, ಆದರೆ ಒಟ್ಟು ಮೊತ್ತ ₹17.5 ಲಕ್ಷ ದಾಟುತ್ತದೆ.

ಇನ್ನು ಸಂಬಳ. ಕನ್ನಡ ಪತ್ರಿಕೆಗಳಲ್ಲಿ, ಸುದ್ದಿವಾಹಿನಿಗಳಲ್ಲಿ ಟ್ರೈನಿಯಾಗಿ ಸೇರುವ ಹೊಸಬರಿಗೆ ತಿಂಗಳಿಗೆ ₹15,000ದಿಂದ ₹25,000ದವರೆಗೆ ಸಿಗುವುದು ಇಂದಿಗೂ ಸಾಮಾನ್ಯ. ನಿಮ್ಮ ಮಗಳ ಪರವಾಗಿಯೇ ಲೆಕ್ಕ ಹಾಕಿ, ವರ್ಷಕ್ಕೆ ₹3 ಲಕ್ಷದ ಸಿ.ಟಿ.ಸಿ. ಸಿಕ್ಕಿತೆಂದುಕೊಳ್ಳೋಣ. ಸಿ.ಟಿ.ಸಿ. ಎಂಬುದು ಕೈಗೆ ಬರುವ ಸಂಬಳವಲ್ಲ, ಸಂಸ್ಥೆಗೆ ತಗಲುವ ಒಟ್ಟು ವೆಚ್ಚ. ತಿಂಗಳ ₹25,000ದಲ್ಲಿ ಮೂಲ ವೇತನ ₹12,500 ಇದ್ದರೆ, ಭವಿಷ್ಯ ನಿಧಿಗೆ ಸಂಸ್ಥೆ ಕಟ್ಟುವ ₹1,500 ಮತ್ತು ಗ್ರಾಚ್ಯುಟಿಯ ಹೆಸರಿನ ಸುಮಾರು ₹600 ಅದರೊಳಗೇ ಸೇರಿರುತ್ತವೆ. ಆಕೆಯ ಪಾಲಿನ ಭವಿಷ್ಯ ನಿಧಿ ಇನ್ನೊಂದು ₹1,500 ಕಡಿತವಾಗುತ್ತದೆ. ಬ್ಯಾಂಕಿಗೆ ಬೀಳುವುದು ₹21,400. ಅದರಿಂದ ಕಂತು ತೆಗೆದರೆ ಉಳಿಯುವುದು ₹9,500. ನೀವೇ ಬರೆದಿರುವಂತೆ ಬೆಂಗಳೂರಿನಲ್ಲಿ ಇರುವುದಕ್ಕೇ ತಿಂಗಳಿಗೆ ₹12,000 ಬೇಕು. ಅಂದರೆ ದುಡಿಯುವ ಮಗಳಿಗೆ ನೀವು ಊರಿನಿಂದ ಪ್ರತಿ ತಿಂಗಳೂ ಹಣ ಕಳಿಸಬೇಕಾಗುತ್ತದೆ.

ಸಂಬಳ ಇದಕ್ಕಿಂತ ಹೆಚ್ಚಾಗಿಯೂ ಸಿಗಬಹುದಲ್ಲವೇ ಎಂದು ನೀವು ಕೇಳಬಹುದು. ಸಿಗಬಹುದು. ವರ್ಷಕ್ಕೆ ₹4.5 ಲಕ್ಷವೆಂದರೆ ಭವಿಷ್ಯ ನಿಧಿ, ಗ್ರಾಚ್ಯುಟಿ ಮತ್ತು ₹200ರ ವೃತ್ತಿ ತೆರಿಗೆ ಕಳೆದು ಸುಮಾರು ₹32,800 ಕೈಗೆ ಬರುತ್ತದೆ. ಆಗ ಕಂತು ಕಟ್ಟಿಯೂ ಬದುಕಬಹುದು. ಆದರೆ ಈ ಎರಡು ಸಂಬಳಗಳ ಅಂತರವನ್ನು ಗಮನಿಸಿ: ಅದು ₹11,400. ನಿಮ್ಮ ಸಾಲದ ಕಂತು ₹11,900. ಧಾರವಾಡದಲ್ಲಿ ಸಾಲವಿಲ್ಲದೆ ಓದಿದವರಿಗೆ ₹3 ಲಕ್ಷ, ಬೆಂಗಳೂರಿನ ಆ ಸಂಸ್ಥೆಯಲ್ಲಿ ಓದಿದವರಿಗೆ ಮೊದಲ ದಿನದಿಂದಲೇ ₹4.5 ಲಕ್ಷ ಸಿಕ್ಕಿ, ಆ ಅಂತರ ಹತ್ತು ವರ್ಷವೂ ಹಾಗೆಯೇ ಉಳಿದುಕೊಂಡರೂ, ಅದಷ್ಟೂ ಬ್ಯಾಂಕಿಗೇ ಹೋಗುತ್ತದೆ. ಮಗಳ ಕೈಗೆ ಒಂದು ರೂಪಾಯಿಯೂ ಹೆಚ್ಚು ಬಂದಂತಾಗುವುದಿಲ್ಲ. ಇದಲ್ಲದೆ, ಆ ಅಂತರ ಹತ್ತು ವರ್ಷ ಉಳಿಯುವುದೂ ಇಲ್ಲ. ಈ ಕ್ಷೇತ್ರದಲ್ಲಿ ಎರಡನೆಯ ಕೆಲಸಕ್ಕೆ ಹೋಗುವಾಗ ಯಾರೂ ಕಾಲೇಜಿನ ಹೆಸರು ಕೇಳುವುದಿಲ್ಲ; ಹಿಂದಿನ ಕೆಲಸದಲ್ಲಿ ಏನು ಬರೆದಿರಿ, ಏನು ಮಾಡಿದಿರಿ ಎಂದು ಕೇಳುತ್ತಾರೆ.

ನೀವು ಸಾಲದ ಪತ್ರಕ್ಕೆ ಸಹ-ಸಾಲಗಾರರಾಗಿ ಸಹಿ ಹಾಕುತ್ತೀರಿ ಎಂಬುದನ್ನೂ ನೆನಪಿಡಿ. ಮಗಳು ಎರಡು ಕಂತು ತಪ್ಪಿಸಿದರೆ ಅದು ನಿಮ್ಮ ಸಿಬಿಲ್ ದಾಖಲೆಯಲ್ಲಿಯೂ, ಅಂದರೆ ಬ್ಯಾಂಕುಗಳು ಸಾಲ ಕೊಡುವ ಮುನ್ನ ನೋಡುವ ಮರುಪಾವತಿಯ ದಾಖಲೆಯಲ್ಲಿಯೂ, ಬೀಳುತ್ತದೆ. ಮುಂಗಾರಿಗೆ ಮುನ್ನ ಬೀಜ ಎತ್ತಲು ಓ.ಡಿ. (ಓವರ್‌ಡ್ರಾಫ್ಟ್) ಖಾತೆಯನ್ನೋ ಬೇರೆ ವ್ಯಾಪಾರ ಸಾಲವನ್ನೋ ನಂಬಿರುವ ಅಂಗಡಿಗೆ ಇದರಿಂದ ಆಗುವ ತೊಂದರೆಯನ್ನು ನಾವು ವಿವರಿಸಬೇಕಾಗಿಲ್ಲ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯ 80ಇ ವಿನಾಯಿತಿ ಇದೆಯೆಂದು ಯಾರಾದರೂ ಹೇಳಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುವಂಥದ್ದು. ಅಲ್ಲದೆ ಈ ಮಟ್ಟದ ಸಂಬಳಕ್ಕೆ ತೆರಿಗೆಯೇ ಬರುವುದಿಲ್ಲ.

ಇನ್ನು ‘₹9 ಲಕ್ಷದವರೆಗೆ’ ಎಂಬ ಮಾತು. ‘ವರೆಗೆ’ ಎಂದರೆ ಒಬ್ಬ ವಿದ್ಯಾರ್ಥಿಗೆ ಒಮ್ಮೆ ಸಿಕ್ಕಿದ್ದರೂ ಸಾಕು. ನೀವು ಕಾಲೇಜಿಗೆ ಬರೆದು ಕೇಳಬೇಕಾದದ್ದು ಬೇರೆ: ಹಿಂದಿನ ವರ್ಷ ಸಂವಹನ ವಿಭಾಗದಲ್ಲಿ ಎಷ್ಟು ಜನ ಮುಗಿಸಿದರು, ಅವರಲ್ಲಿ ಎಷ್ಟು ಜನರಿಗೆ ಕ್ಯಾಂಪಸ್ಸಿನಿಂದ ಕೆಲಸ ಸಿಕ್ಕಿತು, ಸಂಬಳದ ಕ್ರಮದಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿದರೆ ನಡುವಿನ ವಿದ್ಯಾರ್ಥಿಗೆ ಎಷ್ಟು ಸಂಬಳ, ಅದು ಕೆಲಸವೋ ಆರು ತಿಂಗಳ ಇಂಟರ್ನ್‌ಶಿಪ್ಪೋ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್.ಐ.ಆರ್.ಎಫ್. ಶ್ರೇಯಾಂಕದಲ್ಲಿ ಭಾಗವಹಿಸುವ ಸಂಸ್ಥೆಗಳು ಕೆಲಸ ಪಡೆದವರ ಸಂಖ್ಯೆಯನ್ನೂ ಅವರ ಮಧ್ಯಾಂಕ ಸಂಬಳವನ್ನೂ ಸಲ್ಲಿಸಬೇಕು. ಆ ದಾಖಲೆ ಸಂಸ್ಥೆಯ ಜಾಲತಾಣದಲ್ಲಿಯೇ ಇರುತ್ತದೆ. ಅದನ್ನು ಓದುವಾಗ ಒಂದು ಎಚ್ಚರ ಬೇಕು. ಅಲ್ಲಿನ ಅಂಕಿ ‘ಎರಡು ವರ್ಷದ ಸ್ನಾತಕೋತ್ತರ ಕೋರ್ಸುಗಳು’ ಎಂದು ಒಟ್ಟಾಗಿ ಇರುತ್ತದೆಯೇ ಹೊರತು ವಿಭಾಗವಾರು ಇರುವುದಿಲ್ಲ. ಎಂ.ಬಿ.ಎ. ಇರುವ ವಿಶ್ವವಿದ್ಯಾಲಯದಲ್ಲಿ ಆ ವಿದ್ಯಾರ್ಥಿಗಳ ಸಂಬಳವೂ ಅದರಲ್ಲಿ ಬೆರೆತಿರುತ್ತದೆ. ವಿಭಾಗದ ಅಂಕಿಯನ್ನು ಬರಹದಲ್ಲಿ ಕೊಡಲು ಹಿಂಜರಿಯುವ ಕಾಲೇಜಿಗೆ ₹6.5 ಲಕ್ಷ ಕಟ್ಟುವ ಮುನ್ನ ಎರಡು ಸಲ ಯೋಚಿಸಿ.

ಹಾಗೆಂದು ಮಗಳ ಆಸೆಯನ್ನು ತಳ್ಳಿಹಾಕುವುದು ಸರಿಯಲ್ಲ. ಬೆಂಗಳೂರಿನಲ್ಲಿ ಓದುವವರಿಗೆ ನಿಜವಾದ ಅನುಕೂಲಗಳಿವೆ. ಪತ್ರಿಕೆಗಳ ಮುಖ್ಯ ಕಚೇರಿಗಳು, ವಾಹಿನಿಗಳು, ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕ ಸಂಸ್ಥೆಗಳು ಅಲ್ಲಿವೆ. ಒಳ್ಳೆಯ ಖಾಸಗಿ ಸಂಸ್ಥೆಗಳಲ್ಲಿ ಸ್ಟುಡಿಯೋ, ಕ್ಯಾಮೆರಾ, ಕೆಲಸ ಬಲ್ಲ ಅತಿಥಿ ಬೋಧಕರು ಸಿಗುತ್ತಾರೆ. ಇನ್ನೊಂದು ಕಡೆ, ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಬೋಧಕರ ಹುದ್ದೆಗಳು ದೊಡ್ಡ ಸಂಖ್ಯೆಯಲ್ಲಿ ಖಾಲಿ ಬಿದ್ದಿವೆ ಎಂಬುದೂ ನಿಜ. ಧಾರವಾಡಕ್ಕೆ ಹೋಗಿ ವಿಭಾಗದಲ್ಲಿ ಎಷ್ಟು ಜನ ಪಾಠ ಮಾಡುತ್ತಿದ್ದಾರೆ, ವಿದ್ಯಾರ್ಥಿಗಳೇ ತರುವ ಪ್ರಾಯೋಗಿಕ ಪತ್ರಿಕೆ ಹೊರಡುತ್ತಿದೆಯೇ ಎಂದು ಈಗಿನ ವಿದ್ಯಾರ್ಥಿಗಳನ್ನೇ ಕೇಳಿ ಬರುವುದು ಒಳ್ಳೆಯದು. ಆದರೆ ಬೆಂಗಳೂರಿನ ಅನುಕೂಲಗಳಲ್ಲಿ ಬಹುಪಾಲನ್ನು ಕಡಿಮೆ ಹಣಕ್ಕೆ ಪಡೆಯುವ ದಾರಿಗಳಿವೆ. ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವಿದೆ. ಪಕ್ಕದ ಹುಬ್ಬಳ್ಳಿ ‘ಸಂಯುಕ್ತ ಕರ್ನಾಟಕ’ದ ನೆಲೆ, ರಾಜ್ಯದ ಇತರ ಪ್ರಮುಖ ದಿನಪತ್ರಿಕೆಗಳ ಆವೃತ್ತಿಗಳೂ ಅಲ್ಲಿಂದ ಹೊರಡುತ್ತವೆ. ಓದುತ್ತಲೇ ವಾರಾಂತ್ಯದಲ್ಲಿ ಅಲ್ಲಿ ಕೆಲಸ ಕಲಿಯಬಹುದು. ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಶಕ್ತಿ ಯೋಜನೆಯಿಂದಾಗಿ ಆಕೆಗೆ ಓಡಾಟದ ಖರ್ಚೂ ಇಲ್ಲ. ಧಾರವಾಡದ ಖರ್ಚು ಕಳೆದು ನಿಮ್ಮಲ್ಲಿ ಉಳಿಯುವ ₹40,000ದಲ್ಲಿ ಎರಡನೆಯ ವರ್ಷದ ರಜೆಗೆ ಮಗಳನ್ನು ಮೂರು ತಿಂಗಳು ಬೆಂಗಳೂರಿನ ಪಿ.ಜಿ.ಯಲ್ಲಿ ಇರಿಸಿ ಒಂದು ಒಳ್ಳೆಯ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಿಸಿ. ಕೆಲಸ ಸಿಗುವ ವಿಷಯದಲ್ಲಿ ಆ ಮೂರು ತಿಂಗಳು ಎರಡು ವರ್ಷದ ದುಬಾರಿ ಶುಲ್ಕಕ್ಕಿಂತ ಹೆಚ್ಚು ನೆರವಾಗುತ್ತವೆ ಎಂಬುದು ನಮ್ಮ ದೃಢ ನಂಬಿಕೆ.

ಕನ್ನಡ ಪತ್ರಿಕೆಯ ಡೆಸ್ಕಿಗೆ (ಸುದ್ದಿಯನ್ನು ತಿದ್ದಿ ಅಚ್ಚಿಗೆ ಸಿದ್ಧಪಡಿಸುವ ವಿಭಾಗಕ್ಕೆ) ಆಯ್ಕೆ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾದೀತು. ಅಭ್ಯರ್ಥಿಯ ಮುಂದೆ ಸುದ್ದಿಸಂಸ್ಥೆಯಿಂದ ಬಂದ ಒಂದು ಇಂಗ್ಲಿಷ್ ಸುದ್ದಿಯನ್ನು ಇಡುತ್ತಾರೆ. ಅದು ನ್ಯಾಯಾಲಯದ ಆದೇಶದ್ದೋ ಬಜೆಟ್ಟಿನದ್ದೋ ಆಗಿರುತ್ತದೆ. ಅದನ್ನು ಓದುಗನಿಗೆ ಅರ್ಥವಾಗುವ ಕನ್ನಡಕ್ಕೆ ತರಬೇಕು. ಆಮೇಲೆ ಜಿಲ್ಲೆಯಿಂದ ಬಂದ ಉದ್ದನೆಯ ವರದಿಯೊಂದನ್ನು ಕೊಟ್ಟು, ಸತ್ವ ಕೆಡದಂತೆ ಅರ್ಧಕ್ಕೆ ಇಳಿಸಿ ಶೀರ್ಷಿಕೆ ಕೊಡಲು ಹೇಳುತ್ತಾರೆ. ಪಕ್ಕದ ಕುರ್ಚಿಯಲ್ಲಿ ಕುಳಿತವರು ಎಷ್ಟು ಲಕ್ಷ ಶುಲ್ಕ ಕಟ್ಟಿ ಬಂದವರು ಎಂಬುದು ಆ ಒಂದು ಗಂಟೆಯಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಈಗ ಯಂತ್ರಾನುವಾದವೂ ಡೆಸ್ಕಿಗೆ ಬಂದಿರುವುದರಿಂದ, ಬರಿಯ ಅನುವಾದಕ್ಕಿಂತ ಯಂತ್ರ ಮಾಡಿದ ತಪ್ಪನ್ನು ಕಂಡುಹಿಡಿಯಬಲ್ಲ ಕಣ್ಣಿಗೆ ಬೆಲೆ ಹೆಚ್ಚುತ್ತಿದೆ. ಎರಡೂ ಭಾಷೆಗಳಲ್ಲಿ ಗಟ್ಟಿಯಾಗಿರುವವರು ಮಾತ್ರ ಆ ಕೆಲಸ ಮಾಡಬಲ್ಲರು.

ಗಳಿಕೆಯ ದೃಷ್ಟಿಯಿಂದ ನೋಡಿದರೆ ಸುದ್ದಿಮನೆಯೊಂದೇ ಈ ಓದಿನ ಗುರಿಯಾಗಬೇಕಿಲ್ಲ. ಸಾರ್ವಜನಿಕ ಸಂಪರ್ಕ ಸಂಸ್ಥೆಗಳು, ಆಸ್ಪತ್ರೆ ಮತ್ತು ಕಂಪನಿಗಳ ಸಂವಹನ ವಿಭಾಗಗಳು, ಸ್ವಯಂಸೇವಾ ಸಂಸ್ಥೆಗಳು ಸಾಮಾನ್ಯವಾಗಿ ಪತ್ರಿಕೆಗಳಿಗಿಂತ ಉತ್ತಮ ಆರಂಭ ಕೊಡುತ್ತವೆ. ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ಬಳಕೆಯ ಕೈಪಿಡಿಗಳನ್ನು ಬರೆಯುವ ಟೆಕ್ನಿಕಲ್ ರೈಟರ್ ಕೆಲಸಕ್ಕೆ ಇನ್ನೂ ಹೆಚ್ಚು ಸಂಬಳವಿದೆ, ಆದರೆ ಅದಕ್ಕೆ ಚೊಕ್ಕ ಇಂಗ್ಲಿಷೂ ತಂತ್ರಜ್ಞಾನದ ಕುತೂಹಲವೂ ಬೇಕು. ಇನ್ನೊಂದು ಬಗೆಯ ದಾರಿಗಳಲ್ಲಿ ಪದವಿ ಕಡ್ಡಾಯ, ಕಾಲೇಜಿನ ಹೆಸರು ಅಮುಖ್ಯ. ಉಪನ್ಯಾಸಕ ಹುದ್ದೆಗೂ ಸಂಶೋಧನೆಗೂ ಅರ್ಹತೆ ಕೊಡುವ ಯು.ಜಿ.ಸಿ.ಯ ರಾಷ್ಟ್ರಮಟ್ಟದ ಎನ್.ಇ.ಟಿ. ಪರೀಕ್ಷೆಯಲ್ಲಿ ಸಮೂಹ ಸಂವಹನ ಮತ್ತು ಪತ್ರಿಕೋದ್ಯಮ ಒಂದು ವಿಷಯ. ಅದರಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ ಗಳಿಸಿದರೆ ತಿಂಗಳಿಗೆ ₹37,000 ಸಿಗುತ್ತದೆ. ಇದು ನಾವು ಮೇಲೆ ಲೆಕ್ಕ ಹಾಕಿದ, ಕೈಗೆ ಬರುವ ಎರಡೂ ಸಂಬಳಗಳಿಗಿಂತ ಹೆಚ್ಚು. ಉಪನ್ಯಾಸಕ ವೃತ್ತಿಗೆ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಇದೆ. ರಾಜ್ಯದ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ವಾರ್ತಾಧಿಕಾರಿ ಹುದ್ದೆಗಳಿವೆ, ಆದರೆ ನೇಮಕಾತಿ ಅಪರೂಪಕ್ಕೆ ನಡೆಯುತ್ತದೆ. ಅದೊಂದನ್ನೇ ನಂಬಿ ಕೂರುವಂತಿಲ್ಲ. ಇವೆಲ್ಲಕ್ಕೂ ಧಾರವಾಡದ ಪದವಿ ಬೆಂಗಳೂರಿನ ಪದವಿಯಷ್ಟೇ ಸಲ್ಲುತ್ತದೆ.

ಹಾಗಾದರೆ ಸಾಲವೇ ಬೇಡವೆನ್ನುತ್ತೀರಾ ಎಂದರೆ, ಹಾಗೇನಿಲ್ಲ. ಸಂವಹನದಂತಹ ಓದಿಗೆ ಮಾಡುವ ಒಟ್ಟು ಸಾಲ ಮೊದಲ ವರ್ಷ ಕೈಗೆ ಬರುವ ಸಂಬಳವನ್ನು ಮೀರಬಾರದು ಎಂಬುದು ನಾವು ಇಟ್ಟುಕೊಂಡಿರುವ ಅಳತೆ. ₹21,400ರ ಸಂಬಳಕ್ಕೆ ಅದು ಸುಮಾರು ₹2.5 ಲಕ್ಷವಾಗುತ್ತದೆ. ಅಷ್ಟು ಸಾಲವಾದರೆ ಕಂತು ₹4,300ರ ಆಸುಪಾಸಿನಲ್ಲಿರುತ್ತದೆ, ಟ್ರೈನಿಯೂ ಕಟ್ಟಬಲ್ಲಳು. ನಮ್ಮ ಮಾತನ್ನು ಮೀರಿ ಬೆಂಗಳೂರಿಗೇ ಕಳಿಸುವುದೆಂದು ನೀವು ತೀರ್ಮಾನಿಸಿದರೆ, ಆ ವಿಶ್ವವಿದ್ಯಾಲಯ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ₹8 ಲಕ್ಷದೊಳಗಿದ್ದು ಆಯ್ಕೆಯಾದರೆ, ₹10 ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗುವ ತನಕ ಬಡ್ಡಿಯಲ್ಲಿ ಶೇ 3ರಷ್ಟನ್ನು ಸರ್ಕಾರ ಭರಿಸುತ್ತದೆ. ಓದುವಾಗಿನಿಂದಲೇ ಕಂತು ಶುರುವಾಗುವ ತನಕ ತಿಂಗಳ ಬಡ್ಡಿಯನ್ನು ಕಟ್ಟುತ್ತಾ ಬಂದರೆ ಬಾಕಿ ₹7 ಲಕ್ಷದಲ್ಲಿಯೇ ನಿಲ್ಲುತ್ತದೆ.

ಮೂರನೆಯ ದಾರಿಯೊಂದನ್ನೂ ಮಗಳ ಮುಂದಿಡಿ. ಬಿ.ಎ. ಈಗಾಗಲೇ ಕೈಯಲ್ಲಿದೆ. ಒಂದೆರಡು ವರ್ಷ ಪತ್ರಿಕೆಯಲ್ಲೋ ವಾಹಿನಿಯಲ್ಲೋ ದುಡಿದು, ಈ ಕೆಲಸ ತನಗೆ ಒಗ್ಗುತ್ತದೆಯೇ ಎಂದು ಕಂಡುಕೊಂಡು, ಆಮೇಲೆ ಓದಬಹುದು. ಅನುಭವ ಇರುವವರಿಗೆ ಎರಡು ವರ್ಷದ ಓದು ಹೆಚ್ಚು ಫಲ ಕೊಡುತ್ತದೆ. ಈ ಲೆಕ್ಕದ ಹಾಳೆಯನ್ನು ಆಕೆಯ ಕೈಗೇ ಕೊಟ್ಟು, ಕಂತು ಕಟ್ಟಬೇಕಾದವಳು ತಾನೇ ಎಂಬ ತಿಳಿವಳಿಕೆಯಿಂದ ಆಕೆಯೇ ಒಂದು ಸಲ ಕೂಡಿ ಕಳೆದು ನೋಡಲಿ. ಅಪ್ಪ ಬೇಡವೆಂದರು ಎಂಬ ನೋವು ಉಳಿಯುವುದಕ್ಕಿಂತ ಅದು ಎಷ್ಟೋ ವಾಸಿ.

ಪ್ರಶ್ನೆ: ದ್ವಿತೀಯ ಪಿ.ಯು.ಸಿ. ವಾಣಿಜ್ಯ ವಿಭಾಗದಲ್ಲಿ ಶೇ 91 ಅಂಕ ಬಂದಿದೆ. ನನಗೆ ಪತ್ರಕರ್ತೆಯಾಗುವ ಆಸೆ; ಪತ್ರಿಕೋದ್ಯಮ ಇರುವ ಬಿ.ಎ. ಸೇರಬೇಕೆಂದಿದ್ದೇನೆ. ಅಪ್ಪ ಬಿ.ಕಾಂ. ಮಾಡು, ಆಮೇಲೆ ಬೇಕಾದ್ದು ಓದು ಎನ್ನುತ್ತಾರೆ. ಬಿ.ಕಾಂ. ಮಾಡಿದರೆ ಪತ್ರಿಕೋದ್ಯಮದ ಬಾಗಿಲು ಮುಚ್ಚುವುದಿಲ್ಲವೇ?
– ವಿದ್ಯಾರ್ಥಿನಿ, ಪುತ್ತೂರು

ಉತ್ತರ: ಮುಚ್ಚುವುದಿಲ್ಲ. ಪತ್ರಿಕೋದ್ಯಮದ ಸ್ನಾತಕೋತ್ತರ ಕೋರ್ಸುಗಳು ಬಹುತೇಕ ಕಡೆ ಯಾವ ಪದವಿ ಪಡೆದವರಿಗೂ ತೆರೆದಿವೆ. ಪತ್ರಿಕೆಗಳು ಟ್ರೈನಿಗಳನ್ನು ತೆಗೆದುಕೊಳ್ಳುವಾಗಲೂ ಸಾಮಾನ್ಯವಾಗಿ ‘ಯಾವುದೇ ಪದವಿ’ ಎಂದೇ ಕೇಳುತ್ತವೆ. ನಿಮ್ಮ ವಿಷಯದಲ್ಲಿ ನಾವು ತಂದೆಯವರ ಪರ. ಕನ್ನಡ ಪತ್ರಿಕೆಗಳಲ್ಲಿ ಚೆನ್ನಾಗಿ ಬರೆಯುವವರ ಕೊರತೆಯಿಲ್ಲ. ಲೆಕ್ಕ ಓದಬಲ್ಲವರ ಕೊರತೆ ಇದೆ. ನಿಮ್ಮ ಊರಿನಲ್ಲಿಯೇ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ ಇದೆ. ಆ ಸಹಕಾರಿ ಸಂಸ್ಥೆಯ ವಾರ್ಷಿಕ ವರದಿಯನ್ನು ತೆರೆದು, ಅಡಿಕೆ ಮತ್ತು ಕೊಕ್ಕೋ ವಹಿವಾಟು ಹಿಂದಿನ ವರ್ಷಕ್ಕಿಂತ ಏಕೆ ಏರಿತು ಅಥವಾ ಇಳಿಯಿತು, ಅದರಿಂದ ಬೆಳೆಗಾರನಿಗೆ ಸಿಕ್ಕಿದ್ದೇನು ಎಂದು ಬಿಡಿಸಿ ಬರೆಯಬಲ್ಲ ವರದಿಗಾರ್ತಿ ಯಾವ ಪತ್ರಿಕೆಗೂ ಬೇಕು. ಆ ಕೌಶಲ ಬಿ.ಕಾಂ. ಓದಿನಲ್ಲಿ ಸಿಗುತ್ತದೆ. ಮುಂದೆ ಮನಸ್ಸು ಬದಲಾದರೂ ಬ್ಯಾಂಕು, ಲೆಕ್ಕಪರಿಶೋಧನೆಯ ದಾರಿಗಳು ಉಳಿದಿರುತ್ತವೆ.

ತಂದೆಯವರ ಮಾತಿನಲ್ಲಿ ಒಂದನ್ನು ಮಾತ್ರ ನಾವು ಒಪ್ಪುವುದಿಲ್ಲ: ‘ಆಮೇಲೆ’ ಎಂಬುದನ್ನು. ಬರವಣಿಗೆಯನ್ನು ಮೂರು ವರ್ಷ ಮುಂದೂಡಬೇಡಿ. ವಾರಕ್ಕೊಂದು ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತನ್ನಿ, ಸ್ಥಳೀಯ ಪತ್ರಿಕೆಗಳಿಗೆ ಬರೆಯಿರಿ, ಅಚ್ಚಾದದ್ದನ್ನೆಲ್ಲ ದಿನಾಂಕ ಸಹಿತ ಕಡತದಲ್ಲಿಡಿ. ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಮನೆಯಿಂದಲೇ ಓಡಾಡಿ ಓದಬಹುದಾದ ಕಾಲೇಜು ಸಿಕ್ಕಿದರೆ ಉಳಿದ ಹಣ ಮುಂದೆ ಎಂ.ಎ.ಗೆ ಆಗುತ್ತದೆ.

ಪ್ರಶ್ನೆ: ನನಗೆ 34 ವರ್ಷ. ಪಿ.ಯು.ಸಿ. ಓದಿ, ದಿನಪತ್ರಿಕೆಯೊಂದಕ್ಕೆ ತಾಲ್ಲೂಕಿನಿಂದ ಅರೆಕಾಲಿಕ ವರದಿಗಾರನಾಗಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ತಿಂಗಳಿಗೆ ಸಿಗುವ ಗೌರವಧನ ಪೆಟ್ರೋಲಿಗೂ ಸಾಲದು. ಜೀವನ ನಡೆಯುವುದು ಜೆರಾಕ್ಸ್ ಅಂಗಡಿಯಿಂದ. ಮುಕ್ತ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿದರೆ ಸಂಬಳ ಹೆಚ್ಚುತ್ತದೆಯೇ?
– ಹೆಸರು ಬೇಡ, ಸಿಂಧನೂರು

ಉತ್ತರ: ಪದವಿ ತಂದುಕೊಟ್ಟ ಮಾತ್ರಕ್ಕೆ ಈಗಿನ ಪತ್ರಿಕೆ ನಿಮ್ಮ ಗೌರವಧನವನ್ನು ಹೆಚ್ಚಿಸುವ ಸಂಭವ ಕಡಿಮೆ. ತಾಲ್ಲೂಕು ವರದಿಗಾರಿಕೆಗೆ ಪತ್ರಿಕೆಗಳು ಕೊಡುವ ಹಣ ವಿದ್ಯಾರ್ಹತೆಯ ಮೇಲೆ ನಿಂತಿಲ್ಲ. ನಾಡಿನ ಸುದ್ದಿಯ ಬಹುಪಾಲನ್ನು ಹೊತ್ತು ತರುವವರು ನಿಮ್ಮಂಥವರೇ ಆಗಿರುವಾಗ ಇದು ಅನ್ಯಾಯವೆಂದೇ ನಾವು ಭಾವಿಸುತ್ತೇವೆ. ಪತ್ರಕರ್ತರು ಮತ್ತು ಪತ್ರಿಕಾ ನೌಕರರ ವೇತನ ನಿಗದಿಗೆ ರಚಿಸಿದ್ದ ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳು 2011ರಲ್ಲಿ ಅಧಿಸೂಚನೆಯಾದವು, 2014ರಲ್ಲಿ ಸುಪ್ರೀಂ ಕೋರ್ಟ್ ಅವುಗಳನ್ನು ಎತ್ತಿಹಿಡಿಯಿತು, ಗುತ್ತಿಗೆ ನೌಕರರಿಗೂ ಅವು ಅನ್ವಯವೆಂದು 2017ರಲ್ಲಿ ಸ್ಪಷ್ಟಪಡಿಸಿತು. ಆದರೆ ನೇಮಕಾತಿ ಪತ್ರವೇ ಇಲ್ಲದ ವರದಿಗಾರ ತಾನು ನೌಕರನೆಂದು ತೋರಿಸುವುದೇ ಕಷ್ಟ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ಮುಂದೆ ಯಾವ ಸಂಸ್ಥೆಗೆ ಸೇರಿದರೂ ಅದನ್ನು ಕೇಳಿ ಪಡೆಯಿರಿ. ಗೌರವಧನ ಬಂದ ಬ್ಯಾಂಕ್ ದಾಖಲೆಗಳನ್ನೂ ನಿಮ್ಮ ಹೆಸರಿನಲ್ಲಿ ಅಚ್ಚಾದ ವರದಿಗಳನ್ನೂ ಜೋಪಾನ ಮಾಡಿ.

ಇಷ್ಟಾದರೂ ಓದುವುದು ಬೇಡವೆಂದು ನಾವು ಹೇಳುವುದಿಲ್ಲ, ಏಕೆಂದರೆ ನಿಮ್ಮ ಲೆಕ್ಕ ರಾಣೆಬೆನ್ನೂರಿನ ಓದುಗರ ಲೆಕ್ಕಕ್ಕಿಂತ ಬೇರೆ. ಮುಕ್ತ ವಿಶ್ವವಿದ್ಯಾಲಯದ ಶುಲ್ಕ ಕಡಿಮೆ, ಅಂಗಡಿಯನ್ನೂ ವರದಿಗಾರಿಕೆಯನ್ನೂ ಬಿಡದೆ ಓದಬಹುದು. ಹೀಗಾಗಿ ಕಳೆದುಕೊಳ್ಳುವುದು ಅಲ್ಪ. ಪಿ.ಯು.ಸಿ. ಆದವರು ನೇರವಾಗಿ ಎಂ.ಎ. ಸೇರುವಂತಿಲ್ಲ, ಮೊದಲು ಬಿ.ಎ. ಮುಗಿಸಬೇಕು, ಆಮೇಲೆ ಪತ್ರಿಕೋದ್ಯಮದ ಎಂ.ಎ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೊ) ಎರಡರಲ್ಲಿಯೂ ಇದಕ್ಕೆ ಅವಕಾಶವಿದೆ. ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ ಕೆಲವು ವರ್ಷ ತಪ್ಪಿಹೋಗಿ 2018ರಲ್ಲಿ ಮರಳಿ ಸಿಕ್ಕಿತು. ಆದ್ದರಿಂದ ಯಾವ ವಿಶ್ವವಿದ್ಯಾಲಯವೇ ಇರಲಿ, ನೀವು ಸೇರುವ ವರ್ಷಕ್ಕೆ ಆ ಕೋರ್ಸು ಯು.ಜಿ.ಸಿ.ಯ ದೂರಶಿಕ್ಷಣ ಮಂಡಳಿಯ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡೇ ಹಣ ಕಟ್ಟಿ. ಪ್ರವೇಶಕ್ಕೆ ಆ ಮಂಡಳಿಯ ಡಿ.ಇ.ಬಿ. ಗುರುತಿನ ಸಂಖ್ಯೆ ಈಗ ಕಡ್ಡಾಯ. ಮಾನ್ಯತೆಯಿರುವ ದೂರಶಿಕ್ಷಣದ ಪದವಿ ಕಾಲೇಜಿನ ಪದವಿಗೆ ಸಮಾನ. ಎಂ.ಎ. ಮುಗಿಸಿ ಎನ್.ಇ.ಟಿ. ಅಥವಾ ಕೆ-ಸೆಟ್ ಪಾಸು ಮಾಡಿದರೆ ಪತ್ರಿಕೋದ್ಯಮ ಬೋಧಿಸುವ ದಾರಿ ತೆರೆಯುತ್ತದೆ. ಸುದ್ದಿಯನ್ನು ನೆಲದಲ್ಲಿ ನಿಂತು ಬರೆದವರು ತರಗತಿಗೆ ಬರಬೇಕಾದ ಅಗತ್ಯ ಬಹಳ ಇದೆ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಮಾಧ್ಯಮ ಸಂವಹನದ ಪದವಿ ಮುಗಿಸಿದ್ದಾನೆ. ಬ್ರಿಟನ್ನಿನಲ್ಲಿ ಒಂದು ವರ್ಷದ ಎಂ.ಎ. ಮಾಡಿ, ಅಲ್ಲಿಯೇ ಎರಡು ವರ್ಷ ದುಡಿದು ಸಾಲ ತೀರಿಸಿ ಬರುತ್ತೇನೆ ಎನ್ನುತ್ತಾನೆ. ಒಟ್ಟು ₹30 ಲಕ್ಷ ಬೇಕು. ಮನೆ ಅಡವಿಟ್ಟು ಸಾಲ ಪಡೆಯಬೇಕು.
– ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಮನೆಯನ್ನು ಅಡವಿಡಬೇಡಿ. ಓದು ಮುಗಿದ ಮೇಲೆ ಅಲ್ಲಿ ಉಳಿದು ಕೆಲಸ ಹುಡುಕಲು ಸಿಗುವ ಗ್ರಾಜುಯೇಟ್ ವೀಸಾದ ಎರಡು ವರ್ಷದ ಅವಧಿ, 2027ರ ಜನವರಿ 1ರಿಂದ ಅರ್ಜಿ ಹಾಕುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಹದಿನೆಂಟು ತಿಂಗಳಿಗೆ ಇಳಿಯುತ್ತದೆ. ಆ ವೀಸಾ ಕೆಲಸ ಹುಡುಕುವ ಅನುಮತಿಯಷ್ಟೇ, ಕೆಲಸವನ್ನು ಯಾರೂ ಕೊಡುವುದಿಲ್ಲ. ಮಾಧ್ಯಮ ಕ್ಷೇತ್ರದಲ್ಲಿ ಭಾಷೆ ಮತ್ತು ಸ್ಥಳೀಯ ಪರಿಚಯಗಳೇ ಬಂಡವಾಳವಾದ್ದರಿಂದ, ಹೊರಗಿನಿಂದ ಬಂದ ಹೊಸಬನಿಗೆ ತಂತ್ರಜ್ಞಾನ ಓದಿದವರಿಗಿಂತ ದಾರಿ ಕಿರಿದು. ಮಗ ಹಿಂದಿರುಗಿ ಬಂದರೆ ಸಾಲವನ್ನು ಬೆಂಗಳೂರಿನ ಸಂಬಳದಲ್ಲಿ ತೀರಿಸಬೇಕಾಗುತ್ತದೆ. ಮೊದಲ ಪತ್ರದ ಶೇ 10.5ರ ಬಡ್ಡಿ ದರದಲ್ಲಿಯೇ ₹30 ಲಕ್ಷಕ್ಕೆ ಹತ್ತು ವರ್ಷದ ಕಂತು, ಓದಿನ ಅವಧಿಯ ಬಡ್ಡಿಯನ್ನು ಬಿಟ್ಟೂ, ತಿಂಗಳಿಗೆ ₹40,000 ದಾಟುತ್ತದೆ. ಶುಲ್ಕದ ಬಹುಪಾಲನ್ನು ಭರಿಸುವ ವಿದ್ಯಾರ್ಥಿವೇತನ ದೊರೆತರೆ ಸಂತೋಷದಿಂದ ಕಳಿಸಿ. ಬ್ರಿಟಿಷ್ ಸರ್ಕಾರದ ಚೀವನಿಂಗ್ ವಿದ್ಯಾರ್ಥಿವೇತನಕ್ಕೆ ಕೆಲಸದ ಅನುಭವ ಬೇಕಾಗುತ್ತದೆ. ಆದ್ದರಿಂದ ಮಗ ಇಲ್ಲಿ ಎರಡು ವರ್ಷ ಕೆಲಸಕ್ಕೆ ಸೇರಿ, ಆಮೇಲೆ ಅರ್ಜಿ ಹಾಕಲಿ.